ಮರಳಿಗೆ ಒಗ್ಗಿದ ಲೂಪಿನ್: ಪಶ್ಚಿಮ ಆಸ್ಟ್ರೇಲಿಯಾದ ಒಂದು ಪ್ರಕರಣ

ಪರ್ತ್ ನಗರದ ಉತ್ತರಕ್ಕೆ, ಜೆರಾಲ್ಡ್‌ಟನ್ ಬಂದರಿನ ಒಳನಾಡಿನವರೆಗೆ ಹಬ್ಬಿರುವ ಹಳದಿ ಮರಳಿನ ಬಯಲು ಬೇಸಾಯಗಾರನಿಗೆ ಸುಲಭವಾಗಿ ಒಲಿಯುವ ನೆಲವಲ್ಲ. ಎಷ್ಟು ಅಗೆದರೂ ಮರಳೇ. ಜೇಡಿಯ ಅಂಶ ನೂರಕ್ಕೆ ಕೆಲವೇ ಪಾಲು, ರಂಜಕ ಇಲ್ಲವೆನ್ನುವಷ್ಟು ಕಡಿಮೆ, ಸಾರಜನಕವೂ ಅಷ್ಟಕ್ಕಷ್ಟೆ. ಮಣ್ಣಿನ ಗುಣ ಹುಳಿ. ಮಳೆ ವರ್ಷಕ್ಕೆ ಸುಮಾರು 300ರಿಂದ 450 ಮಿಲಿಮೀಟರ್; ಅದರಲ್ಲಿ ದೊಡ್ಡ ಪಾಲು ಮೇ ತಿಂಗಳಿಂದ ಅಕ್ಟೋಬರ್ ಒಳಗೆ, ಅಂದರೆ ದಕ್ಷಿಣ ಗೋಳಾರ್ಧದ ಚಳಿಗಾಲದಲ್ಲಿ ಸುರಿಯುತ್ತದೆ. ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಬಿಸಿಲು ಏರಿ, ಮರಳು ಕೆಲವೇ ವಾರಗಳಲ್ಲಿ ಬತ್ತಿಹೋಗುತ್ತದೆ. ಈ ನೆಲದಲ್ಲಿ ಗೋಧಿಯ ಮೇಲೆ ಗೋಧಿ ಬಿತ್ತಿದರೆ ಇಳುವರಿ ಕುಸಿಯುತ್ತದೆ, ಬೇರುರೋಗ ಹೆಚ್ಚುತ್ತದೆ. ಮಧ್ಯೆ ಒಂದು ದ್ವಿದಳ ಬೆಳೆ ಬೇಕೇ ಬೇಕು. ಆಸ್ಟ್ರೇಲಿಯಾದ ಬೇರೆ ಕಡೆ ಆ ಕೆಲಸ ಮಾಡಿದ ಕ್ಲೋವರ್ ಎಂಬ ಮೇವಿನ ಗಿಡ ಇಂಥ ಆಳವಾದ ಬಡ ಮರಳಿನಲ್ಲಿ ಬೇರೂರಲಿಲ್ಲ.

ಆ ಜಾಗವನ್ನು ಕೊನೆಗೆ ತುಂಬಿದ್ದು ಕಿರಿದಾದ ಎಲೆಯ ಲೂಪಿನ್ (ಲೂಪಿನಸ್ ಅಂಗಸ್ಟಿಫೋಲಿಯಸ್) ಎಂಬ ದ್ವಿದಳ ಕಾಳಿನ ಗಿಡ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಈ ಕಾಡುಗಿಡ ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1990ರ ದಶಕದ ಕೊನೆಗೆ ಹತ್ತು ಲಕ್ಷ ಹೆಕ್ಟೇರ್ ಮೀರಿ ಹರಡಿತ್ತು. ಕಾಳಿನ ಬೆಳೆಯಾಗಿ ಲೂಪಿನ್ ಜಗತ್ತಿನಲ್ಲಿ ಬೇರೆಲ್ಲೂ ಈ ಪ್ರಮಾಣದಲ್ಲಿ ಬೆಳೆದಿಲ್ಲ. ಇದನ್ನು ಒಂದು ಗೆಲುವಿನ ಕಥೆಯಾಗಿ ಹೇಳುವವರೇ ಹೆಚ್ಚು. ನನಗೆ ಇದು ಬೇರೆ ಕಾರಣಕ್ಕೆ ಮುಖ್ಯ. ಒಂದು ಗಿಡವನ್ನು ಒಂದು ಹವಾಮಾನದಿಂದ ಎತ್ತಿ ಇನ್ನೊಂದಕ್ಕೆ ಇಟ್ಟಾಗ ಯಾವುದು ಕೈಕೊಡುತ್ತದೆ, ಯಾವುದನ್ನು ತಿದ್ದಬಹುದು, ತಿದ್ದಿದ್ದಕ್ಕೆ ಏನು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡಲು ಸಿಗುವ ಪ್ರಕರಣಗಳು ಕಡಿಮೆ. ಲೂಪಿನ್ ಬೆಳೆಯಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ‘ನಮ್ಮಲ್ಲಿ ಬಿಸಿಲು ಜಾಸ್ತಿ, ಬರುತ್ತದೆಯೇ?’ ಎಂಬುದು. ಈ ಪ್ರಕರಣ ನೋಡಿದ ಮೇಲೆ ಕೇಳಬೇಕಾದ್ದು ಬೇರೆಯದೇ ಎಂದು ನನಗೆ ಅನಿಸಿದೆ: ಗಿಡ ಹೂ ಬಿಡುವ ಹೊತ್ತಿಗೂ ನೀರು ಮುಗಿಯುವ ಹೊತ್ತಿಗೂ ನಡುವೆ ಎಷ್ಟು ಅಂತರ ಇದೆ?

ಮೊದಲಿದ್ದ ಲೂಪಿನ್

ಮರಳು ಬಯಲಿಗೆ ಲೂಪಿನ್ ಹೊಸದೇನೂ ಆಗಿರಲಿಲ್ಲ. ಲೂಪಿನಸ್ ಕೊಸೆಂಟಿನಿ ಎಂಬ ಇನ್ನೊಂದು ಮೆಡಿಟರೇನಿಯನ್ ಜಾತಿ ಜೆರಾಲ್ಡ್‌ಟನ್ ಸುತ್ತಮುತ್ತ ಬಹಳ ಹಿಂದೆಯೇ ನೆಲೆಯೂರಿ, ಬಿತ್ತದೆಯೇ ಬೆಳೆಯುತ್ತಿತ್ತು. ಬೀಜ ಕಹಿ. ಆದರೂ ಬೇಸಿಗೆಯಲ್ಲಿ ಹಸಿರು ಮೇವೆಲ್ಲ ಒಣಗಿದಾಗ ಕುರಿಗಳು ಉದುರಿದ ಬೀಜವನ್ನೂ ಒಣಗಿದ ದಂಟನ್ನೂ ತಿಂದು ಬದುಕುತ್ತಿದ್ದವು. ಬೀಜದ ಸಿಪ್ಪೆ ಎಷ್ಟು ಗಟ್ಟಿಯೆಂದರೆ ಒಂದೇ ಸಲ ಎಲ್ಲ ಮೊಳೆಯದೆ ವರ್ಷಗಟ್ಟಲೆ ಮರಳಿನಲ್ಲಿ ಉಳಿದು, ಬರಗಾಲವಾದರೂ ಮುಂದಿನ ವರ್ಷಕ್ಕೆ ಸಸಿ ಏಳುತ್ತಿತ್ತು. ಕಾಡುಗಿಡಕ್ಕೆ ಇದು ಒಳ್ಳೆಯ ಉಪಾಯ. ಕಾಳಿನ ಬೆಳೆಗೆ ಇದೇ ದೊಡ್ಡ ತೊಡಕು.

ಈ ಮೇವಿನಲ್ಲಿ ಒಂದು ಅಪಾಯವೂ ಅಡಗಿತ್ತು. ಬೇಸಿಗೆಯಲ್ಲಿ ಅಕಾಲ ಮಳೆ ಬಂದು ಒಣ ದಂಟು ನೆನೆದರೆ ಅದರ ಮೇಲೆ ಡಯಾಪೊರ್ತೆ ಟಾಕ್ಸಿಕಾ ಎಂಬ ಶಿಲೀಂಧ್ರ ಬೆಳೆಯುತ್ತದೆ. ಅದು ಉಂಟುಮಾಡುವ ಫೋಮಾಪ್ಸಿನ್ ಎಂಬ ವಿಷ ಕುರಿಯ ಯಕೃತ್ತನ್ನು ಕೆಡಿಸುತ್ತದೆ. ಲೂಪಿನೋಸಿಸ್ ಎಂದು ಕರೆಯುವ ಈ ಕಾಯಿಲೆಗೂ ಬೀಜದ ಕಹಿಗೂ ಸಂಬಂಧವಿಲ್ಲ. ಕಹಿಗೆ ಕಾರಣ ಗಿಡವೇ ತಯಾರಿಸುವ ಲುಪಾನಿನ್‌ನಂಥ ಆಲ್ಕಲಾಯ್ಡ್ ರಾಸಾಯನಿಕಗಳು. ಸಿಹಿ ತಳಿ, ಅಂದರೆ ಕಹಿ ತೀರಾ ಕಡಿಮೆಯಿರುವ ತಳಿ, ಬಂದರೆ ಎರಡೂ ತೊಂದರೆ ಒಟ್ಟಿಗೆ ತೀರುತ್ತವೆ ಎಂದು ಎಣಿಸುವುದು ಸಹಜ, ಆದರೆ ಹಾಗಾಗಲಿಲ್ಲ. ಸಿಹಿ ಲೂಪಿನ್ನಿನ ದಂಟಿನ ಮೇಲೂ ಅದೇ ಶಿಲೀಂಧ್ರ ಬೆಳೆಯಿತು. ದಂಟಿನಲ್ಲಿ ಅದಕ್ಕೆ ಗಟ್ಟಿ ಪ್ರತಿರೋಧವಿದ್ದ ಗುಂಗುರ್ರು ಎಂಬ ತಳಿ ಬಂದದ್ದು 1988ರಲ್ಲಿ.

ಕಾಡುಗಿಡವನ್ನು ಬೆಳೆಯಾಗಿಸಿದ್ದು

ಕಿರಿದಾದ ಎಲೆಯ ಲೂಪಿನ್ನಿನ ಕಾಡುರೂಪಕ್ಕೆ ನಾಲ್ಕು ದೋಷಗಳಿದ್ದವು: ಬೀಜ ಕಹಿ, ಸಿಪ್ಪೆ ಗಟ್ಟಿ, ಒಣಗಿದ ಕಾಯಿ ಸಿಡಿದು ಬೀಜ ಚೆಲ್ಲುತ್ತದೆ, ಹೂ ತಡವಾಗಿ ಬರುತ್ತದೆ. ಮೊದಲ ಎರಡಕ್ಕೆ ಜರ್ಮನಿಯಲ್ಲಿ ಆಗಲೇ ಮದ್ದು ಸಿಕ್ಕಿತ್ತು. 1920ರ ದಶಕದ ಕೊನೆಯಲ್ಲಿ ರೈನ್‌ಹೋಲ್ಡ್ ಫಾನ್ ಸೆಂಗ್‌ಬುಶ್ ಒಂದೊಂದು ಗಿಡವನ್ನೂ ಬೇಗ ಪರೀಕ್ಷಿಸಬಲ್ಲ ರಾಸಾಯನಿಕ ವಿಧಾನ ರೂಪಿಸಿ, ಅಪಾರ ಸಂಖ್ಯೆಯ ಗಿಡಗಳನ್ನು ಜಾಲಾಡಿ, ಕಹಿ ಕಡಿಮೆಯಿದ್ದ ಕೆಲವನ್ನು ಹೆಕ್ಕಿ ತೆಗೆದಿದ್ದರು. ಮೆತ್ತನೆ ಸಿಪ್ಪೆಯ ಗುಣವೂ ಅಲ್ಲಿಂದಲೇ ಬಂತು.

ಉಳಿದ ಕೆಲಸ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಗ್ಲಾಡ್‌ಸ್ಟೋನ್ಸ್ ಅವರ ಕೈಗೆ ಬಂತು. 1950ರ ದಶಕದಲ್ಲಿ ಶುರುಮಾಡಿದ ಅವರು 1960ರ ಆಸುಪಾಸಿನಲ್ಲಿ ಕಾಯಿ ಸಿಡಿಯದಂತೆ ಮಾಡುವ ಎರಡು ಸಹಜ ರೂಪಾಂತರಗಳನ್ನು ಗುರುತಿಸಿದರು. ಒಂದು ಕಾಯಿಯ ಹೊಲಿಗೆಯನ್ನು ಬೆಸೆದು ಹಿಡಿಯುತ್ತದೆ. ಇನ್ನೊಂದು ಕಾಯಿಯ ಒಳಪದರದ ನಾರಿನ ಜೋಡಣೆಯನ್ನೇ ಬದಲಿಸಿ, ಒಣಗುವಾಗ ಅದು ತಿರುಚಿಕೊಳ್ಳುವ ಬಲವನ್ನು ತಗ್ಗಿಸುತ್ತದೆ. ಯಾವುದೊಂದೂ ಒಂಟಿಯಾಗಿ ಪೂರ್ತಿ ಸಾಲದು, ಎರಡೂ ಸೇರಿದಾಗ ಕಟಾವು ಯಂತ್ರ ಬರುವವರೆಗೆ ಕಾಳು ಗಿಡದಲ್ಲೇ ನಿಲ್ಲುತ್ತದೆ. ಇವುಗಳ ಜೊತೆಗೆ ಬಿಳಿ ಹೂ, ಬಿಳಿ ಬೀಜದ ಗುಣವನ್ನೂ ಸೇರಿಸಿದರು. ಅದು ಅಂದಕ್ಕಲ್ಲ. ಕಾಡು ಲೂಪಿನ್ ನೀಲಿ ಹೂ ಬಿಡುತ್ತದೆ, ಬೀಜದ ಮೇಲೆ ಚುಕ್ಕೆಗಳಿರುತ್ತವೆ. ಸಿಹಿ ಬೆಳೆಯ ನಡುವೆ ಕಹಿ ಗಿಡ ಬೆರೆತರೆ ರೈತನಿಗೆ ಹೊಲದ ಬದುವಿನಿಂದಲೇ ಕಾಣುತ್ತದೆ. ಪ್ರಯೋಗಾಲಯವಿಲ್ಲದೆ ಕಲಬೆರಕೆ ಹಿಡಿಯುವ ಈ ಉಪಾಯ ಇಡೀ ಕೆಲಸದಲ್ಲಿ ನನಗೆ ಅತಿ ಜಾಣತನದ್ದು ಎನಿಸುತ್ತದೆ.

ಯುನಿವೈಟ್ ತಳಿ 1967ರಲ್ಲಿ ಬಿಡುಗಡೆಯಾಯಿತು, ಕಾಯಿ ಸಿಡಿಯದ ಎರಡೂ ಗುಣಗಳಿದ್ದ ಯುನಿಹಾರ್ವೆಸ್ಟ್ 1971ರಲ್ಲಿ. ಸಾವಿರಾರು ವರ್ಷ ಹಿಡಿಯುವ ಪಳಗಿಸುವ ಕೆಲಸ ಇಲ್ಲಿ ಒಬ್ಬ ವಿಜ್ಞಾನಿಯ ವೃತ್ತಿಜೀವನದ ಮೊದಲರ್ಧದಲ್ಲೇ ಮುಗಿದಿತ್ತು. ಹವಾಮಾನದ ಸಮಸ್ಯೆ ಮಾತ್ರ ಇನ್ನೂ ಬಾಕಿ ಇತ್ತು.

ಚಳಿ ಸಾಲದ ಚಳಿಗಾಲ

ಇಲ್ಲಿಗೆ ಪ್ರಕರಣದ ತಿರುಳು ಬರುತ್ತದೆ. ಕಾಡು ಲೂಪಿನ್ ಶರತ್ಕಾಲದ ಮಳೆಗೆ ಮೊಳೆತು, ಚಳಿಗಾಲವನ್ನು ನೆಲಕ್ಕಂಟಿಕೊಂಡ ಎಲೆಗಳಲ್ಲಿ ಕಳೆದು, ವಸಂತದಲ್ಲಿ ಹೂ ಬಿಡುತ್ತದೆ. ಚಳಿಗಾಲ ಮುಗಿಯಿತು ಎಂದು ಅದು ತಿಳಿಯುವುದು ಅನುಭವಿಸಿದ ಚಳಿಯ ಲೆಕ್ಕದಿಂದ. ಕೆಲವು ವಾರಗಳ ಚಳಿ ತಾಗದಿದ್ದರೆ ಹೂವಿನ ಮೊಗ್ಗು ಕಟ್ಟುವುದು ತಡವಾಗುತ್ತದೆ. ಹಿಮ ಬೀಳುವ ಊರಿನಲ್ಲಿ ಈ ಏರ್ಪಾಡು ಗಿಡದ ಜೀವ ಉಳಿಸುತ್ತದೆ. ನಡುಚಳಿಯಲ್ಲಿ ಒಂದು ವಾರ ಬಿಸಿಲು ಬಂದಿತೆಂದು ಮೋಸಹೋಗಿ ಹೂಬಿಟ್ಟು, ಮರುವಾರದ ಹಿಮಕ್ಕೆ ಸುಟ್ಟುಹೋಗುವುದು ತಪ್ಪುತ್ತದೆ.

ಜೆರಾಲ್ಡ್‌ಟನ್ ಕಡೆ ಜುಲೈ ತಿಂಗಳ ನಡುಚಳಿಯಲ್ಲೂ ಹಗಲಿನ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ. ಗಿಡಕ್ಕೆ ಅದು ಚಳಿಯೇ ಅಲ್ಲ. ಎಲೆ ಸೊಗಸಾಗಿ ಬೆಳೆಯುತ್ತದೆ, ಗಿಡ ಎತ್ತರವಾಗುತ್ತದೆ, ನೋಡಿದವರು ಬೆಳೆ ಚೆನ್ನಾಗಿದೆ ಎನ್ನುತ್ತಾರೆ, ಹೂ ಮಾತ್ರ ಬರುವುದಿಲ್ಲ. ಬಂದಾಗ ಮಳೆ ಮುಗಿಯುವ ಹೊತ್ತಾಗಿರುತ್ತದೆ. ಕಾಯಿ ತುಂಬಬೇಕಾದ ದಿನಗಳಲ್ಲಿ ಮರಳು ಒಣಗಿ, ಎಲೆ ಉದುರಿ, ಜೊಳ್ಳುಕಾಯಿ ಉಳಿಯುತ್ತದೆ. ಬಿಸಿಲು ತಾಳದೆ ಬೆಳೆ ಸತ್ತಿತು ಎಂದು ಯಾರಾದರೂ ಷರಾ ಬರೆಯಬಹುದು. ನಿಜವಾಗಿ ಗಿಡವನ್ನು ಕೆಡಿಸಿದ್ದು ಅದಕ್ಕೂ ಎರಡು ತಿಂಗಳು ಹಿಂದಿನ ಹಿತವಾದ ಚಳಿಗಾಲ.

ಮದ್ದು ಸಿಕ್ಕಿದ್ದು ಸ್ವೀಡನ್ನಿನ ಬೊರೆ ಎಂಬ ತಳಿಯಲ್ಲಿ ತಾನಾಗಿ ಕಾಣಿಸಿಕೊಂಡ ಒಂದು ರೂಪಾಂತರದಲ್ಲಿ. ಆ ಗಿಡ ಚಳಿಗೆ ಕಾಯದೆ ಹೂ ಬಿಡುತ್ತಿತ್ತು. ಆ ಗುಣಕ್ಕೆ ‘ಕು’ ಎಂದು ಹೆಸರಿಟ್ಟು, ಅದನ್ನು ಸೇರಿಸಿ ಬೆಳೆಸಿದ ಯುನಿಕ್ರಾಪ್ ತಳಿಯನ್ನು 1973ರಲ್ಲಿ ಬಿಡುಗಡೆ ಮಾಡಿದರು. ಹೂ ಕೆಲವು ವಾರ ಮುಂಚೆ ಬಂತು. ಕಿರಿದಾದ ಎಲೆಯ ಲೂಪಿನ್ ಮಳೆ ಕಡಿಮೆಯ, ಬೇಗ ಬತ್ತುವ ಉತ್ತರದ ಮರಳಿಗೆ ನಿಜವಾಗಿ ಇಳಿದದ್ದು ಇಲ್ಲಿಂದ ಮುಂದೆ.

ಆ ‘ಕು’ ಒಳಗೆ ಏನಾಗಿತ್ತು ಎಂಬುದು ಗೊತ್ತಾಗಲು 2017ರವರೆಗೆ ಕಾಯಬೇಕಾಯಿತು. ಹೂ ಬಿಡಿಸುವ ಸಂದೇಶವನ್ನು ಎಲೆಯಿಂದ ತುದಿಮೊಗ್ಗಿಗೆ ಒಯ್ಯುವ ಒಂದು ವಂಶವಾಹಿ ಬಹುತೇಕ ಗಿಡಗಳಲ್ಲಿದೆ. ಲೂಪಿನ್ನಿನಲ್ಲಿ ಅದರ ಮುಂದಿರುವ ನಿಯಂತ್ರಣ ಭಾಗ ಚಳಿ ತಾಗುವವರೆಗೆ ಅದನ್ನು ಅದುಮಿ ಹಿಡಿದಿರುತ್ತದೆ. ಕು ಗಿಡಗಳಲ್ಲಿ ಆ ನಿಯಂತ್ರಣ ಭಾಗದಿಂದ 1,423 ಅಕ್ಷರಗಳಷ್ಟು ಡಿಎನ್ಎ ಕಳಚಿಹೋಗಿದೆ. ವಂಶವಾಹಿ ಹಾಗೇ ಇದೆ, ಅದನ್ನು ಹಿಡಿದಿದ್ದ ಕೈ ಇಲ್ಲ.

ಇದಕ್ಕಿಂತ ಸ್ವಾರಸ್ಯದ ಸಂಗತಿ ಎರಡು ವರ್ಷದ ನಂತರ ಹೊರಬಂತು. ಯುರೋಪಿನ ತಳಿಗಳಲ್ಲಿ ‘ಜೂಲಿಯಸ್’ ಎಂಬ ಇನ್ನೊಂದು ಬೇಗ ಹೂಬಿಡುವ ಗುಣವಿದೆ. ಅದೂ ಇದೇ ವಂಶವಾಹಿಯ ಇದೇ ಭಾಗದಲ್ಲಿ ಆದ ಬೇರೊಂದು ಕಳಚುವಿಕೆ, 5,162 ಅಕ್ಷರಗಳಷ್ಟು ದೊಡ್ಡದು. ಪೋಲೆಂಡ್, ಜರ್ಮನಿಯಂಥ ಕಡೆ ಚಳಿಗಾಲ ಅತಿ ಕಟು. ಲೂಪಿನ್ನನ್ನು ಅದರೊಳಗೆ ಬಿಡದೆ ವಸಂತದಲ್ಲೇ ಬಿತ್ತುತ್ತಾರೆ. ವಸಂತದಲ್ಲಿ ಬಿತ್ತಿದ ಗಿಡಕ್ಕೆ ಸಾಕಷ್ಟು ಚಳಿ ಸಿಗುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಚಳಿಗಾಲದುದ್ದಕ್ಕೂ ಹೊಲದಲ್ಲೇ ನಿಂತ ಗಿಡಕ್ಕೂ ಅದು ಸಿಗುವುದಿಲ್ಲ. ಒಂದು ಕಡೆ ಚಳಿ ಮಿತಿಮೀರಿದ್ದರಿಂದ, ಇನ್ನೊಂದು ಕಡೆ ಚಳಿ ಇಲ್ಲದ್ದರಿಂದ ಗಿಡದ ಪಾಲಿಗೆ ಕೊರತೆ ಒಂದೇ ಆಯಿತು. ಎರಡೂ ಕಡೆಯ ತಳಿಗಾರರು ತಮಗರಿವಿಲ್ಲದೆ ಒಂದೇ ಬೀಗವನ್ನು ಬೇರೆ ಬೇರೆ ಜಾಗದಲ್ಲಿ ಮುರಿದಿದ್ದರು. ಹವಾಮಾನ ವಲಯದ ನಕ್ಷೆ ನೋಡಿ ಬೀಜ ಆರಿಸುವವರು ಈ ಒಂದು ಸಂಗತಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ನಕ್ಷೆಯಲ್ಲಿ ಇವೆರಡು ಪ್ರದೇಶಗಳ ಬಣ್ಣ ಒಂದಕ್ಕೊಂದು ಹತ್ತಿರವೂ ಇಲ್ಲ.

ಮಾಗುವ ಹಂತಕ್ಕೆ ಬಂದರೆ ಇವೇ ಎರಡು ಪ್ರದೇಶಗಳು ಪೂರಾ ಎದುರುಬದುರು. ಲೂಪಿನ್ ಮುಖ್ಯ ಕಾಂಡದ ತುದಿಯಲ್ಲಿ ಹೂಗೊಂಚಲು ಬಿಟ್ಟು, ಅದರ ಕೆಳಗಿನಿಂದ ಕವಲೊಡೆದು, ಕವಲಿನ ತುದಿಯಲ್ಲಿ ಮತ್ತೆ ಹೂ ಬಿಡುತ್ತದೆ. ನೀರು ಇರುವಷ್ಟು ಕಾಲ ಇದು ನಡೆಯುತ್ತಲೇ ಇರುತ್ತದೆ. ಮರಳು ಬಯಲಿನಲ್ಲಿ ಬರ ಬಂದು ಈ ಆಟವನ್ನು ನಿಲ್ಲಿಸುತ್ತದೆ. ಮೇಲಿನ ಕವಲುಗಳ ಕಾಯಿ ಉದುರಿದರೂ ಉಳಿದದ್ದು ಒಟ್ಟಿಗೆ ಮಾಗುತ್ತದೆ. ಉತ್ತರ ಯುರೋಪಿನ ಮಳೆಯ ಬೇಸಿಗೆಯಲ್ಲಿ ನಿಲ್ಲಿಸುವವರೇ ಇಲ್ಲ. ಕೆಳಗಿನ ಕಾಯಿ ಒಣಗಿದಾಗ ಮೇಲೆ ಇನ್ನೂ ಹಸಿರು. ಅದಕ್ಕೇ ಅಲ್ಲಿ ಕವಲೊಡೆಯುವುದನ್ನೇ ಮೊಟಕು ಮಾಡಿದ ತಳಿಗಳನ್ನು ಬೆಳೆಸಬೇಕಾಯಿತು. ಮರಳು ಬಯಲಿನ ರೈತ ಬರವನ್ನು ಶಪಿಸುತ್ತಾನಾದರೂ ಅವನ ಬೆಳೆಯನ್ನು ಕಟಾವಿಗೆ ಹದಮಾಡಿಕೊಡುವುದು ಅದೇ ಬರ.

ಬೀಜ ಸಾಲದು, ಬೇಸಾಯವೂ ಬೇಕಿತ್ತು

ಯುನಿಕ್ರಾಪ್ ಬಂದ ಕೂಡಲೇ ಎಲ್ಲ ಸರಿಹೋಗಲಿಲ್ಲ. ಎಲೆಯ ಬೂದು ಚುಕ್ಕೆ ರೋಗ ಮೊದಲ ತಳಿಗಳನ್ನು ಕಾಡಿತು. ಅದಕ್ಕೆ ಪ್ರತಿರೋಧವಿದ್ದ ಇಲ್ಯಾರಿ ತಳಿ ಬಂದದ್ದು 1979ರಲ್ಲಿ. ನಡುವಿನ ಒಣ ವರ್ಷಗಳಲ್ಲಿ ಹಲವರು ಲೂಪಿನ್ ಕೈಬಿಟ್ಟರು. ಗೋಧಿ ಬಿತ್ತನೆ ಮುಗಿಸಿ, ಉಳಿದ ಹೊತ್ತಿನಲ್ಲಿ, ಉಳಿದ ಕೆಟ್ಟ ತುಂಡಿನಲ್ಲಿ ಲೂಪಿನ್ ಎಸೆದವರಿಗೆ ಅದು ಏನೂ ಕೊಡಲಿಲ್ಲ. ಬೇಗ ಹೂಬಿಡುವ ಗುಣವನ್ನು ಬೀಜದಲ್ಲಿ ಇಟ್ಟರೂ, ತಡವಾಗಿ ಬಿತ್ತಿದರೆ ಗಳಿಸಿದ ವಾರಗಳನ್ನೆಲ್ಲ ಬಿತ್ತನೆಯೇ ತಿಂದುಹಾಕುತ್ತದೆ.

1980ರ ದಶಕದಲ್ಲಿ ಬೆಳೆ ವೇಗವಾಗಿ ಹರಡಿದ್ದಕ್ಕೆ ಕಾರಣ, ಲೂಪಿನ್ನನ್ನು ಮೊದಲು ಬಿತ್ತುವ ಬೆಳೆಯಾಗಿ ಮಾಡಿಕೊಂಡದ್ದು. ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ, ಹದ ಮಳೆಗೆ ಕಾಯದೆ, ಒಣ ಮರಳಿನಲ್ಲೇ ಬಿತ್ತುವ ರೂಢಿ ಬಂತು. ಮಳೆ ಬಿದ್ದ ದಿನವೇ ಬೆಳೆಯ ದಿನಗಣನೆ ಶುರುವಾಗುತ್ತದೆ, ಒಂದು ದಿನವೂ ಪೋಲಾಗುವುದಿಲ್ಲ. ಹೆಕ್ಟೇರಿಗೆ ಸುಮಾರು 100 ಕಿಲೋ ಬೀಜ, ಚದರ ಮೀಟರಿಗೆ 40–45 ಗಿಡ. ಗಿಡ ವಿರಳವಾದರೆ ಪಕ್ಕದ ಕವಲುಗಳಿಂದ ಸರಿದೂಗಿಸಿಕೊಳ್ಳಲು ನೋಡುತ್ತದೆ, ಆದರೆ ಕವಲಿನ ಕಾಯಿ ತಡವಾಗಿ ಬರುವುದರಿಂದ ಬರಕ್ಕೆ ಮೊದಲು ಬಲಿಯಾಗುವುದೂ ಅದೇ. ಆದ್ದರಿಂದ ಮುಖ್ಯ ಕಾಂಡದ ಕಾಯಿಯನ್ನೇ ನಂಬಬೇಕು, ಅದಕ್ಕೆ ಗಿಡ ಒತ್ತಾಗಿರಬೇಕು.

ಹಿಂದಿನ ಗೋಧಿಯ ಕೂಳೆಯನ್ನು ಸುಡದೆ ಹಾಗೇ ಬಿಡುವುದೂ ಈ ಕ್ರಮದ ಭಾಗ. ಅದರಿಂದ ಎರಡು ಲಾಭ. ಗಾಳಿಗೆ ಹಾರುವ ಮರಳು ಎಳೆಯ ಸಸಿಯನ್ನು ಕೊರೆದು ಹಾಕುವುದು ತಪ್ಪುತ್ತದೆ. ಕಂದು ಚುಕ್ಕೆ ರೋಗದ ಶಿಲೀಂಧ್ರದ ಬೀಜಕಣಗಳು ಮಣ್ಣಿನಲ್ಲಿರುತ್ತವೆ. ಮಳೆಹನಿ ನೆಲಕ್ಕೆ ಅಪ್ಪಳಿಸಿದಾಗ ಚಿಮ್ಮಿ ಎಲೆಗೆ ಹತ್ತುತ್ತವೆ, ಕೂಳೆಯ ಹೊದಿಕೆ ಆ ಚಿಮ್ಮುವಿಕೆಯನ್ನು ತಡೆಯುತ್ತದೆ. ಇದೇ ಶಿಲೀಂಧ್ರ ಬೇರನ್ನೂ ಕೊಳೆಸುತ್ತದೆ. ಬೀಜಕಣಗಳು ಮೇಲಿನ ಕೆಲವೇ ಸೆಂಟಿಮೀಟರುಗಳಲ್ಲಿ ದಟ್ಟವಾಗಿರುವುದರಿಂದ ಬೀಜವನ್ನು ಅದಕ್ಕಿಂತ ತುಸು ಕೆಳಗೆ ಇಳಿಸಿ ಬಿತ್ತುತ್ತಾರೆ.

ಬೇರಿನ ವಿಚಾರ ಬಂದಾಗ ಗಿಡಕ್ಕೂ ನೆಲಕ್ಕೂ ಇದ್ದ ಹೊಂದಾಣಿಕೆ ಗೊತ್ತಾಗುತ್ತದೆ. ಕಿರಿದಾದ ಎಲೆಯ ಲೂಪಿನ್ನಿನ ತಾಯಿಬೇರು ಸಡಿಲ ಮರಳಿನಲ್ಲಿ ಎರಡು ಮೀಟರ್ ಆಳಕ್ಕೂ ಇಳಿಯುತ್ತದೆ. ಮೇಲಿನಿಂದ ಬಸಿದುಹೋದ ನೀರನ್ನೂ ಪೊಟ್ಯಾಷ್, ಸಾರಜನಕವನ್ನೂ ಅದು ಅಲ್ಲಿ ಹಿಡಿಯುತ್ತದೆ. ಬೇರುಗಂಟಿನಲ್ಲಿ ಸಾರಜನಕ ಕಟ್ಟುವ ಬ್ಯಾಕ್ಟೀರಿಯಾ ಬ್ರಾಡಿರೈಜೋಬಿಯಂ ಗುಂಪಿನದು. ಕ್ಲೋವರ್, ಬಟಾಣಿಗೆ ಬಳಸುವ ಜೀವಾಣು ಗೊಬ್ಬರ ಇದಕ್ಕೆ ನಡೆಯುವುದಿಲ್ಲ. ಲೂಪಿನ್ ಹಿಂದೆಂದೂ ಬೆಳೆಯದ ನೆಲದಲ್ಲಿ ಬೀಜಕ್ಕೆ ಸರಿಯಾದ ಜೀವಾಣು ಲೇಪಿಸದೆ ಬಿತ್ತಿದರೆ ಗಿಡ ಹಳದಿಗಟ್ಟುತ್ತದೆ. ಇಂಥ ಹಳದಿಯನ್ನು ನೋಡಿ ಹವಾಮಾನ ಒಗ್ಗಲಿಲ್ಲ ಎಂದು ಕೈಚೆಲ್ಲುವುದು ಎಲ್ಲೆಡೆಯೂ ನಡೆಯುವಂಥದ್ದು. ಸುಣ್ಣದ ಅಂಶವಿರುವ ನೆಲದಲ್ಲೂ ಲೂಪಿನ್ ಹಳದಿಯಾಗುತ್ತದೆ, ಅಲ್ಲಿ ಕಾರಣ ಕಬ್ಬಿಣ ಎಟುಕದಿರುವುದು; ಅದಕ್ಕೆ ಜೀವಾಣು ಹಚ್ಚಿ ಪ್ರಯೋಜನವಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಕ್ಷಾರೀಯ ಜೇಡಿ ನೆಲಗಳಲ್ಲಿ, ಮಳೆ ಅಷ್ಟೇ ಇದ್ದರೂ, ಈ ಲೂಪಿನ್ ಬೇರೂರಲಿಲ್ಲ. ಒಂದೇ ಮಳೆ, ಒಂದೇ ಬಿಸಿಲು, ಬೇಲಿಯ ಆಚೆ ಈಚೆ ಬೇರೆ ಫಲ. ಹವಾಮಾನಕ್ಕಿಂತ ಮಣ್ಣು ಮೊದಲು ಎಂದು ನಾನು ಹೇಳುವುದು ಇದಕ್ಕೇ.

ಮ್ಯಾಂಗನೀಸಿನ ಕಥೆ ಒಂದಿಷ್ಟು ವಿವರವಾಗಿ ಹೇಳಬೇಕಾದ್ದು, ಏಕೆಂದರೆ ಅದರಲ್ಲಿ ಮಣ್ಣು ಮತ್ತು ಋತು ಎರಡೂ ಹೆಣೆದುಕೊಂಡಿವೆ. ಬೆಳೆ ನೋಡಲು ಆರೋಗ್ಯವಾಗಿದ್ದು, ಕಾಯಿಯೂ ತುಂಬಿ, ಬಿಡಿಸಿದಾಗ ಒಳಗಿನ ಕಾಳಿನ ಸಿಪ್ಪೆ ಬಿರಿದು ಬೇಳೆ ಹೊರಗೆ ಇಣುಕುತ್ತಿರುತ್ತಿತ್ತು. ಇಂಥ ಬೀಜ ಮಾರುವುದಕ್ಕೂ ಬಿತ್ತುವುದಕ್ಕೂ ಬರುವುದಿಲ್ಲ. ಕಾರಣ ಮ್ಯಾಂಗನೀಸ್ ಕೊರತೆ. ಲೂಪಿನ್ನಿಗೆ ಕಾಳು ಕಟ್ಟುವಾಗ ಮ್ಯಾಂಗನೀಸ್ ಹೊಸದಾಗಿ ಬೇಕು, ಹಳೆಯ ಎಲೆಯಲ್ಲಿದ್ದದ್ದು ಕಾಳಿಗೆ ಸಾಕಷ್ಟು ಸಾಗುವುದಿಲ್ಲ. ಆ ಹೊತ್ತಿಗೆ ವಸಂತದ ಬಿಸಿಲಿಗೆ ಮೇಲ್ಮಣ್ಣು ಒಣಗಿರುತ್ತದೆ. ಒಣಮಣ್ಣಿನಲ್ಲಿ ಗೊಬ್ಬರ ಇದ್ದೂ ಇಲ್ಲದಂತೆ. ಹಾಗಾಗಿ ಮ್ಯಾಂಗನೀಸನ್ನು ಬೀಜಕ್ಕಿಂತ ಕೆಳಗೆ, ತೇವ ಉಳಿಯುವ ಆಳಕ್ಕೆ ಇಳಿಸಿ ಕೊಡುವುದು ಫಲಕಾರಿ ಎಂದು ಕಂಡುಬಂತು. ಅದು ತಪ್ಪಿಹೋಗಿದ್ದರೆ ಮುಖ್ಯ ಕಾಂಡದ ಕಾಯಿ ಎರಡು ಮೂರು ಸೆಂಟಿಮೀಟರ್ ಉದ್ದವಾದಾಗ ಎಲೆಯ ಮೇಲೆ ಸಿಂಪಡಿಸುತ್ತಾರೆ. ಆ ಗಳಿಗೆ ಕಿರಿದು, ಮುಂಚೆ ಸಿಂಪಡಿಸಿದರೂ ತಡವಾದರೂ ಕಾಳಿಗೆ ದಕ್ಕುವುದಿಲ್ಲ.

ಗೆದ್ದ ಮೇಲೆ ಎದ್ದ ತೊಂದರೆಗಳು

ಒಂದು ವರ್ಷ ಲೂಪಿನ್, ಮರುವರ್ಷ ಗೋಧಿ. ಉತ್ತರದ ಮರಳಿನಲ್ಲಿ ಈ ಸರದಿ ವರ್ಷಗಳ ಕಾಲ ಬಿಡುವಿಲ್ಲದೆ ನಡೆಯಿತು. ಗೋಧಿಗೆ ಸಾರಜನಕ ಸಿಕ್ಕಿತು, ಬೇರುರೋಗದ ಸರಪಳಿ ಕಡಿಯಿತು, ಇಳುವರಿ ಏರಿತು. ಲೂಪಿನ್ ಕಾಳಿನಲ್ಲಿ ನೂರಕ್ಕೆ ಮೂವತ್ತಕ್ಕೂ ಹೆಚ್ಚು ಪ್ರೋಟೀನ್ ಇರುವುದರಿಂದ ಹಂದಿ, ದನ, ಕುರಿಗಳ ಆಹಾರವಾಗಿ ಹಡಗು ಹತ್ತಿತು. ಮನುಷ್ಯರ ಊಟಕ್ಕೆ ಹೋದದ್ದು ಸ್ವಲ್ಪ.

ಆಮೇಲೆ ಒಂದೊಂದಾಗಿ ಬಾಕಿ ವಸೂಲಿಗೆ ಬಂದವು. ಲೂಪಿನ್ ಸಾಲಿನಲ್ಲಿ ಸಿಮಜಿನ್ ಕಳೆನಾಶಕವನ್ನೂ ಹುಲ್ಲು ಕೊಲ್ಲುವ ಬೇರೆ ಔಷಧಗಳನ್ನೂ ಮತ್ತೆ ಮತ್ತೆ ಬಳಸಿದ್ದರಿಂದ, ರೈಗ್ರಾಸ್ ಎಂಬ ಕಳೆಹುಲ್ಲು ಮತ್ತು ಕಾಡು ಮೂಲಂಗಿ ಔಷಧಕ್ಕೆ ಬಗ್ಗದಾದವು. ಲೂಪಿನ್ ಮೊದಲ ವಾರಗಳಲ್ಲಿ ನಿಧಾನವಾಗಿ ಬೆಳೆಯುವ ಗಿಡ, ಕಳೆಯನ್ನು ತಾನೇ ಅದುಮಿ ಹಾಕುವ ಶಕ್ತಿ ಅದಕ್ಕಿಲ್ಲ. ಔಷಧ ಸೋತ ದಿನ ಬೆಳೆಯೂ ಸೋತಿತು.

1996ರಲ್ಲಿ ಚಿಬ್ಬು ರೋಗ ಕಾಣಿಸಿಕೊಂಡಿತು. ಕೊಲೆಟೋಟ್ರೈಕಂ ಲೂಪಿನಿ ಎಂಬ ಶಿಲೀಂಧ್ರ ಬೀಜದಲ್ಲೇ ಕುಳಿತು ಸಾಗುತ್ತದೆ, ಕಾಂಡವನ್ನು ಕೊಕ್ಕೆಯಂತೆ ಬಾಗಿಸಿ ಮುರಿಯುತ್ತದೆ. ಉತ್ತರದಲ್ಲಿ ಆಗ ಬೆಳೆಯುತ್ತಿದ್ದ ಬಿಳಿ ಲೂಪಿನ್, ಲೂಪಿನಸ್ ಆಲ್ಬಸ್, ಅದರ ಹೊಡೆತಕ್ಕೆ ನೆಲಕಚ್ಚಿತು. ಕಿರಿದಾದ ಎಲೆಯ ಲೂಪಿನ್ ಪಾರಾದದ್ದು ಅದೃಷ್ಟದಿಂದ ಎನ್ನಬೇಕು. ಅದೇ ವರ್ಷ ಬಿಡುಗಡೆಯಾದ ವೋಂಗಾ ಎಂಬ ತಳಿಯಲ್ಲಿ ರೋಗಕ್ಕೆ ಪ್ರತಿರೋಧ ಇತ್ತು. ರೋಗವೇ ಇಲ್ಲದ ನಾಡಿನಲ್ಲಿ ಬೆಳೆಸಿದ ತಳಿಗೆ ಆ ಗುಣ ಬಂದದ್ದು ಯಾರೂ ಅದಕ್ಕೆಂದು ಆರಿಸಿದ್ದರಿಂದಲ್ಲ. ಎರಡು ವರ್ಷದ ನಂತರ ಬಂದ ಟ್ಯಾಂಜಿಲ್ ತಳಿಯಲ್ಲಿ ಪ್ರತಿರೋಧ ಇನ್ನೂ ಬಲವಾಗಿತ್ತು.

ಮೂರನೆಯದು ಹುಳಿ. ಲೂಪಿನ್ ಕಟ್ಟಿದ ಸಾರಜನಕ ನೈಟ್ರೇಟ್ ಆಗಿ ಮರಳಿನಿಂದ ಬಸಿದುಹೋದಾಗಲೆಲ್ಲ, ಕಾಳು ಹೊಲದಿಂದ ಹೊರಹೋದಾಗಲೆಲ್ಲ ಮಣ್ಣು ಇನ್ನಷ್ಟು ಹುಳಿಯಾಗುತ್ತದೆ. ಕೆಳಮಣ್ಣು ತೀರಾ ಹುಳಿಯಾದಾಗ ಅಲ್ಯೂಮಿನಿಯಂ ಕರಗಿ ಗೋಧಿಯ ಬೇರನ್ನು ಮೊಟಕು ಮಾಡುತ್ತದೆ. ಲೂಪಿನ್ ಅದನ್ನು ತಡೆದುಕೊಳ್ಳುತ್ತದೆ, ಗೋಧಿ ತಡೆಯದು. ಗೋಧಿಗಾಗಿ ಸುಣ್ಣ ಹಾಕಲೇಬೇಕಾಯಿತು. ಸುಣ್ಣ ಬಿದ್ದಲ್ಲಿ ಮ್ಯಾಂಗನೀಸ್ ಗಿಡಕ್ಕೆ ಎಟುಕುವುದು ಕಡಿಮೆಯಾಯಿತು, ಲೂಪಿನ್ನಿನಲ್ಲಿ ಬಿರಿದ ಕಾಳು ಮತ್ತೆ ಕಾಣಿಸಿಕೊಂಡಿತು. ಒಂದು ಬೆಳೆಯ ಮದ್ದು ಸರದಿಯ ಇನ್ನೊಂದು ಬೆಳೆಯ ರೋಗ. ಹೊಲವನ್ನು ಒಂದೊಂದು ಬೆಳೆಯಾಗಿ ಬಿಡಿಸಿ ನೋಡಿ ಸಲಹೆ ಕೊಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಮರಳೂ ತನ್ನ ಗುಣ ತೋರಿಸಿತು. ಕೊಳೆತ ಎಲೆ ಬೇರುಗಳ ಮೇಣ ಮರಳಿನ ಕಣಕ್ಕೆ ಅಂಟಿ, ನೀರು ಬಿದ್ದರೂ ಒಳಗೆ ಇಳಿಯದೆ ಮೇಲೆ ಮುತ್ತಿನಂತೆ ನಿಲ್ಲುವ ನೆಲ ಅಲ್ಲಿ ಬಹಳ. ಒಣಬಿತ್ತನೆಯ ಬೀಜದಲ್ಲಿ ಒಂದು ಪಾಲು ಮೊದಲ ಮಳೆಗೆ ಮೊಳೆತರೆ ಇನ್ನೊಂದು ಪಾಲು ವಾರಗಳ ನಂತರ ಮೊಳೆಯುತ್ತದೆ. ಸಮಯದ ಮೇಲೇ ನಿಂತ ಬೆಳೆಗೆ ಇದು ದೊಡ್ಡ ಪೆಟ್ಟು. ಕೆಳಗಿನ ಜೇಡಿಯನ್ನು ತಂದು ಹರಡುವುದು, ಮಣ್ಣನ್ನು ಆಳಕ್ಕೆ ಮಗುಚಿಹಾಕುವುದು, ಸಾಲಿನ ಕುಣಿಯಲ್ಲಿ ಬಿತ್ತುವುದು, ಹೀಗೆ ಒಂದೊಂದು ಕಡೆ ಒಂದೊಂದು ದಾರಿ ಹಿಡಿದರು. ಈ ನಡುವೆ ಕ್ಯಾನೋಲಾ ಎಣ್ಣೆಕಾಳು ಹೆಚ್ಚು ಹಣ ತರತೊಡಗಿತು. ಲೂಪಿನ್ನಿನ ವಿಸ್ತೀರ್ಣ ತನ್ನ ಉಚ್ಛ್ರಾಯದ ಅರ್ಧಕ್ಕಿಂತ ಕೆಳಕ್ಕೆ ಇಳಿಯಿತು.

ಬೇರೆ ನೆಲಕ್ಕೆ ಇದನ್ನು ಓದಿಕೊಳ್ಳುವುದು ಹೇಗೆ

ಲೂಪಿನ್ ಒಂದು ಗಿಡವಲ್ಲ, ನೂರಾರು ಜಾತಿಗಳ ಕುಲ. ಆಂಡಿಸ್ ಬೆಟ್ಟಗಳ ಲೂಪಿನಸ್ ಮ್ಯೂಟಾಬಿಲಿಸ್ ಎತ್ತರದ ತಂಪಿನಲ್ಲಿ ಕಾಳಿನ ಬೆಳೆ. ಟೆಕ್ಸಾಸಿನ ನೀಲಿ ಲೂಪಿನ್ ಶರತ್ಕಾಲದಲ್ಲಿ ಮೊಳೆತು ವಸಂತಕ್ಕೆ ಹೂಬಿಟ್ಟು, ಬೇಸಿಗೆಯ ಸುಡುಬಿಸಿಲನ್ನು ಬೀಜವಾಗಿ ಕಳೆಯುತ್ತದೆ. ಅಲಾಸ್ಕಾದಿಂದ 1945ರಲ್ಲಿ ಐಸ್‌ಲ್ಯಾಂಡಿಗೆ ತಂದ ನೂಟ್ಕಾ ಲೂಪಿನ್, ಬರಡಾದ ನೆಲಕ್ಕೆ ಹಸಿರು ತರಲೆಂದು ಬಿತ್ತಿದ್ದು, ಈಗ ಅಲ್ಲಿನ ಕುರುಚಲು ಸಸ್ಯಗಳ ಮೇಲೆಯೇ ಏರಿಬರುತ್ತಿದೆ. ತೋಟಗಳಲ್ಲಿ ಕಾಣುವ ಎತ್ತರದ ಬಣ್ಣಬಣ್ಣದ ಲೂಪಿನ್ ಬಹುವಾರ್ಷಿಕ. ಇಂಗ್ಲೆಂಡಿನ ಯಾರ್ಕ್ ನಗರದ ಜಾರ್ಜ್ ರಸೆಲ್ ರೂಪಿಸಿ 1937ರಲ್ಲಿ ಪ್ರದರ್ಶಿಸಿದ ಸಾಲಿನದು. ರಾತ್ರಿಯೂ ತಂಪಾಗದ ಕಡೆ ಅದು ಎರಡನೆಯ ವರ್ಷ ಕಾಣುವುದು ಕಷ್ಟ. ಬಿಸಿ ನಾಡಿನಲ್ಲಿ ಆ ಬಣ್ಣ ಬೇಕೆನ್ನುವವರು ಅದನ್ನು ಬಿಟ್ಟು, ತಂಪು ತಿಂಗಳಲ್ಲಿ ಬಿತ್ತಿ ಬಿಸಿಲು ಏರುವ ಮೊದಲು ಮುಗಿಸಬಹುದಾದ ವಾರ್ಷಿಕ ಜಾತಿಗಳತ್ತ ನೋಡುವುದು ಒಳ್ಳೆಯದು. ಬೀಜದ ಪೊಟ್ಟಣದ ಮೇಲೆ ಬರೀ ‘ಲೂಪಿನ್’ ಎಂದಿದ್ದು ಜಾತಿಯ ಹೆಸರಿಲ್ಲದಿದ್ದರೆ ನಾನಾದರೆ ಕೊಳ್ಳುವುದಿಲ್ಲ. ಹೂವಿಗೆ ಬೆಳೆಸುವ ಲೂಪಿನ್ನಿನ ಬೀಜ ಕಹಿ, ವಿಷಕಾರಿ, ಬಾಯಿಗೆ ಹಾಕುವಂಥದ್ದಲ್ಲ. ಸಿಹಿ ಲೂಪಿನ್ ಕೂಡ ಕಡಲೆಕಾಯಿಯ ಅಲರ್ಜಿ ಇರುವ ಕೆಲವರಿಗೆ ಆಗಿಬರುವುದಿಲ್ಲ.

ಇನ್ನು ಮರಳು ಬಯಲಿನ ಈಗಿನ ಸ್ಥಿತಿ. ಆಸ್ಟ್ರೇಲಿಯಾದ ನೈಋತ್ಯ ಭಾಗದಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಮಳೆ 1970ರಿಂದೀಚೆಗೆ ಸುಮಾರು ಶೇ 15ರಷ್ಟು ತಗ್ಗಿದೆ. ಮೇ–ಜುಲೈ ನಡುವಿನ ಇಳಿಕೆ ಇನ್ನೂ ಹೆಚ್ಚು, ಶೇ 19ರ ಹತ್ತಿರ. ಅಂದರೆ ಲೂಪಿನ್ ಎದ್ದು ನಿಲ್ಲಬೇಕಾದ ತಿಂಗಳುಗಳಿಗೇ ಹೊಡೆತ. ಋತುವಿನ ಮುಂಬಾಗಿಲೇ ಕಿರಿದಾಗುತ್ತಿರುವಾಗ ಗಿಡ ಇನ್ನಷ್ಟು ಬೇಗ ಹೂಬಿಡುವಂತೆ ಮಾಡಬೇಕೆ ಎಂಬುದು ಉತ್ತರದವರ ಚಿಂತೆ. ದಕ್ಷಿಣದ, ಮಳೆ ಹೆಚ್ಚಿನ ಭಾಗದವರ ದೂರು ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿನ ತಳಿಗಳಲ್ಲೂ ಹೆಚ್ಚುಕಡಿಮೆ ಎಲ್ಲದರಲ್ಲಿ ಇರುವುದು ಅದೇ ಕು. ನೀರು ಇನ್ನೂ ಇದ್ದಾಗಲೇ ಗಿಡ ಆತುರಪಟ್ಟು ಹೂಬಿಟ್ಟು, ಮೈ ಬೆಳೆಸಿಕೊಳ್ಳದೆ, ಸಿಗಬಹುದಾದ ಇಳುವರಿಯನ್ನು ಬಿಟ್ಟುಕೊಡುತ್ತದೆ. ಕು ಒಂದು ಸ್ವಿಚ್ಚು, ಹಾಕಬಹುದು ಇಲ್ಲವೇ ಆರಿಸಬಹುದು. ನಡುವಿನ ನಿಲುವು ಅದರಲ್ಲಿಲ್ಲ. ಇದೇ ನಿಯಂತ್ರಣ ಭಾಗದಲ್ಲಿ 1,208 ಅಕ್ಷರಗಳಷ್ಟು ಮಾತ್ರ ಕಳಚಿರುವ ಮೂರನೆಯ ರೂಪವೊಂದು ಇಸ್ರೇಲಿನ ಕಾಡುಗಿಡವೊಂದರಲ್ಲಿ ಸಿಕ್ಕಿದೆ. ಅದನ್ನು ಹೊತ್ತ ಗಿಡ ಕಾಡಿನದಕ್ಕಿಂತ ಬೇಗ, ಕುಗಿಂತ ತಡವಾಗಿ ಹೂಬಿಡುತ್ತದೆ. ದಕ್ಷಿಣದ ದೀರ್ಘ ಋತುವಿಗೆ ಹೊಂದುವ ತಳಿಗೆ ಇದು ಒಂದು ದಾರಿ. ಆ ಕಾಡುಗಿಡದ ಜೊತೆಗೆ ಬರುವ ಕಹಿ, ಗಟ್ಟಿ ಸಿಪ್ಪೆ, ಸಿಡಿಯುವ ಕಾಯಿಗಳನ್ನು ಮತ್ತೆ ಮೊದಲಿಂದ ಬೇರ್ಪಡಿಸಬೇಕು. ಆ ಕೆಲಸಕ್ಕೆ ಈಗ ವಂಶವಾಹಿಯ ಗುರುತುಗಳ ನೆರವಿದೆ.